ನಮೂನೆರಾಯರ ಹತ್ತು ದಿನದ ರಜೆ

ಆ ದಿನದ ಅನಾಹುತಕ್ಕೆಲ್ಲ ಕಾರಣ ನಾಲ್ಕೇ ಸಾಲಿನ ಒಂದು ಪತ್ರ. ಪತ್ರ ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಒಂದನೇ ನಂಬರಿಗೆ ತೂರಿಸಿದ್ದೇ ತಪ್ಪಾಯಿತು.

ತೂರಿಸಿದವರು ನಮೂನೆರಾಯರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವರು ನಮೂನೆರಾಯರೇ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ಪತ್ರವ್ಯವಹಾರ ವಿಭಾಗದಲ್ಲಿ ಅವರ ಕೆಲಸ. ವಿಭಾಗ ಎಂದರೆ ಐದನೇ ಮಹಡಿಯ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು ಮತ್ತು ರಾಯರು. ಕೆಲಸಕ್ಕೆ ಸೇರಿದ ಹೊಸತರಲ್ಲೇ, ಹನ್ನೊಂದು ವರ್ಷದ ಹಿಂದೆ, ಅವರಿಗೊಂದು ಜ್ಞಾನೋದಯವಾಗಿತ್ತು. ಲೋಕದಲ್ಲಿ ಜನ ಎಷ್ಟು ಸಾವಿರವಾದರೂ ಇರಲಿ, ಅವರಿಗೆ ಬರೆಯಬೇಕಾದ ಪತ್ರಗಳು ಎಂಟೇ ಎಂಟು.

ಆ ಎಂಟನ್ನೂ ಅವರು ಒಂದೇ ಸಲ ಬರೆದು, ನಮೂನೆ ಮಾಡಿ, ನಂಬರು ಹಾಕಿ, ಇಡೀ ಆಫೀಸಿನ ಮೇಲ್‌ಗೆ ಸೇರಿಸಿಬಿಟ್ಟಿದ್ದರು. ಗಿರಾಕಿ ದೂರು ಕೊಟ್ಟರೆ ಒಂದನೇ ನಂಬರು. ಗಿರಾಕಿಯ ಮನೆಯಲ್ಲಿ ಸಾವಾದರೆ ಎರಡು, ಮಗು ಹುಟ್ಟಿದರೆ ಮೂರು. ನೌಕರನಿಗೆ ಜ್ವರ ಬಂದರೆ ಅವನು ಮ್ಯಾನೇಜರಿಗೆ ಕಳಿಸುವುದು ನಾಲ್ಕು. ಜ್ವರವಿಲ್ಲದೆ ತಡವಾಗಿ ಬಂದರೆ ಅವನಿಗೆ ಹೋಗುವ ಎಚ್ಚರಿಕೆ ಐದು. ಆರು ಎಂದರೆ ರಜೆ ಮಂಜೂರು, ಏಳು ಎಂದರೆ ರಾಜೀನಾಮೆ ಅಂಗೀಕಾರ, ಎಂಟು ಎಂದರೆ ಹೊಸ ನೇಮಕ. ಮನುಷ್ಯನ ಬಾಳು ಇಷ್ಟರೊಳಗೆ ಮುಗಿದುಹೋಗುತ್ತದೆ ಎಂಬುದು ರಾಯರ ಅಭಿಪ್ರಾಯ.

ನಂಬರು ಒತ್ತಿ ಯಾರಿಗೆ ಎಂದು ಹೆಸರು ಹಾಕಿದರೆ ಸಾಕು, ಪತ್ರ ತಾನೇ ತುಂಬಿಕೊಂಡು ಹೊರಟುಹೋಗುತ್ತಿತ್ತು. ಹೊರಗೆ ಹೋಗುವ ಪತ್ರಕ್ಕೆಲ್ಲ ಕೆಳಗೆ ಮ್ಯಾನೇಜರರ ಸಹಿ ಅಂಟಿಕೊಳ್ಳುತ್ತಿತ್ತು, ಒಳಗಿನ ಪತ್ರಕ್ಕೆ ಕಳಿಸಿದವರ ಹೆಸರು. ಕಳಿಸುವ ಮುಂಚೆ ಓದಿ ನೋಡುವುದು ಆ ಆಫೀಸಿನಲ್ಲಿ ಸೋಮಾರಿಗಳ ಲಕ್ಷಣ ಎನಿಸಿಕೊಂಡಿತ್ತು. ಮಾತೂ ನಂಬರಿನಲ್ಲೇ ನಡೆಯುತ್ತಿತ್ತು. ಯಾರಾದರೂ ಕೆಮ್ಮಿದರೆ "ಏನ್ರೀ, ನಾಲ್ಕಾ?" ಎನ್ನುತ್ತಿದ್ದರು. ವಯಸ್ಸಾದ ಗಿರಾಕಿಯೊಬ್ಬರು ಬಹಳ ದಿನ ಫೋನು ಮಾಡದಿದ್ದರೆ "ಎರಡು ರೆಡಿ ಇಟ್ಕೊಳ್ಳಿ" ಎನ್ನುತ್ತಿದ್ದರು.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ರಾಯರು ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಆ ಪುಣ್ಯಾತ್ಗಿತ್ತಿ ಆಮೇಲೆ ಮೂರು ಸಲ ಸೂಟ್‌ಕೇಸು ಕಟ್ಟಿ ಮೂರು ಸಲವೂ ಬಿಚ್ಚಿದ್ದಳು. ಈ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ಅವಳು ಹೇಳಿದ್ದು ಸ್ಪಷ್ಟವಾಗಿತ್ತು.

"ನಾಲ್ಕನೇ ಸಲ ಕಟ್ಟಿದೀನಿ ರೀ. ಈ ಸಲ ಬಿಚ್ಚಲ್ಲ. ನಾಳೆ ಬೆಳಿಗ್ಗೆ ಆರೂವರೆ ರೈಲಿಗೆ ಈ ಸೂಟ್‌ಕೇಸ್ ಹೋಗುತ್ತೆ, ಅದರ ಜೊತೆ ನಾನೂ ಹೋಗ್ತೀನಿ. ನೀವು ಬರೋದು ಬಿಡೋದು ನಿಮ್ಮ ಮ್ಯಾನೇಜರ್ರಿಗೆ ಬಿಟ್ಟಿದ್ದು."

ರಾಯರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆಂಡತಿ ಒಬ್ಬಳೇ ಹೋಗುತ್ತಾಳಲ್ಲ ಎಂದಲ್ಲ. ಒಬ್ಬಳೇ ಹೋಗಿ ಖುಷಿಯಾಗಿ ಬಂದುಬಿಡುತ್ತಾಳಲ್ಲ ಎಂದು. ಹತ್ತು ದಿನದ ರಜೆಯ ಅರ್ಜಿ ಆಗಲೇ ಮ್ಯಾನೇಜರರ ಮೇಜಿನ ಮೇಲಿತ್ತು. "ಸಂಜೆ ಐದಕ್ಕೆ ಹೇಳ್ತೀನಿ ರಾಯರೇ" ಎಂದು ಅವರು ಹೇಳಿದ್ದರು. ಐದಕ್ಕೆ ಆರನೇ ನಂಬರು ಬಂದುಬಿಟ್ಟರೆ ರಾಯರ ಸಂಸಾರ ಉಳಿಯಿತು.

ಆ ಆಸೆಯಲ್ಲೇ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ರಾಯರು ತಮಗಾಗಿ ಒಂದು ಒಂಬತ್ತನೇ ಪತ್ರ ಬರೆದರು. ತಾವು ಇಲ್ಲದಾಗ ಯಾರಾದರೂ ಬರೆದರೆ ಹೋಗಬೇಕಾದ ಉತ್ತರ ಅದು. "ನಾನು ಹತ್ತು ದಿನ ರಜೆಯಲ್ಲಿದ್ದೇನೆ. ನನ್ನ ಹೆಂಡತಿಯ ಜೊತೆ ಸಮುದ್ರದ ದಂಡೆಯಲ್ಲಿ ಆನಂದವಾಗಿದ್ದೇನೆ. ಆಫೀಸಿನ ವಿಷಯ ಯೋಚಿಸುವ ಸ್ಥಿತಿಯಲ್ಲಿಲ್ಲ. ತುರ್ತಿದ್ದರೆ ನಿಮಗೆ ಸರಿ ಕಂಡಂತೆ ಮಾಡಿಕೊಳ್ಳಿ." ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸ್ವಂತಕ್ಕೆಂದು ಬರೆದ ಪತ್ರ. ಅದನ್ನು ಕೊನೆಗೆ ಹಾಕಲು ಮನಸ್ಸು ಬರದೆ ಎಲ್ಲಕ್ಕಿಂತ ಮೇಲೆ ಹಾಕಿದರು, ಎರಡು ಸಲ ಓದಿಕೊಂಡರು, ಟೀ ಕುಡಿಯಲು ಹೋದರು.

ಅವರು ಟೀ ಮುಗಿಸಿ ಬರುವಷ್ಟರಲ್ಲಿ ದೂರಿನ ಮೇಜಿನ ಹತ್ತಿರ ಗಲಾಟೆ. ಆ ಮೇಜಿನಲ್ಲಿ ಕೂರುವವನನ್ನು ಎಲ್ಲರೂ ದೂರಪ್ಪ ಎನ್ನುತ್ತಿದ್ದರು. ಕಿವಿಯಿಂದ ಫೋನನ್ನು ಒಂದು ಗೇಣು ದೂರ ಹಿಡಿದುಕೊಂಡಿದ್ದ. ಅಷ್ಟು ದೂರದಿಂದಲೂ ಒಳಗಿನ ದನಿ ಎಲ್ಲರಿಗೂ ಕೇಳುತ್ತಿತ್ತು. ಯಾರೋ ರಿಟೈರಾದ ಮೇಷ್ಟ್ರು. ತಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡು, ಒಳಗಿಂದಲೇ ದೂರು ಬರೆದಿದ್ದರು.

"ಅಯ್ಯಾ, ನಾನು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನೇತಾಡ್ತಾ ಇದೀನಿ. ನಿಮ್ಮ ಮ್ಯಾನೇಜರು ಹೆಂಡ್ತಿ ಜೊತೆ ಸಮುದ್ರದ ದಂಡೇಲಿ ಆನಂದವಾಗಿದೀನಿ ಅಂತ ಬರೀತಾರಲ್ಲ, ಇದೇನು ಮರ್ಯಾದೆನಾ? ನನಗೆ ಸರಿ ಕಂಡಂತೆ ಮಾಡ್ಕೋಬೇಕಂತೆ! ಇಲ್ಲಿ ಸರಿ ಕಾಣೋಕೆ ದೀಪಾನೇ ಇಲ್ಲ!"

ದೂರಪ್ಪ ಕೂಡಲೇ ಮೆಕ್ಯಾನಿಕ್ಕನ್ನು ಓಡಿಸಿದ. ಅರ್ಧ ಗಂಟೆಯಲ್ಲಿ ಮೇಷ್ಟ್ರನ್ನು ಇಳಿಸಿದರು ಎಂದು ಸುದ್ದಿಯೂ ಬಂತು. ಆದರೆ ಅವನು ರಾಯರ ಮುಂದೆ ಬಂದು ಕಣ್ಣು ಕಣ್ಣು ಬಿಟ್ಟ.

"ರಾಯರೇ, ತಾಯಾಣೆ, ನಾನು ಒಂದೇ ಒತ್ತಿದ್ದು. ಹತ್ತು ವರ್ಷದಿಂದ ಅದೇ ಗುಂಡಿ ಒತ್ತಿ ಒತ್ತಿ ಅದರ ಮೇಲಿನ ಅಂಕಿ ಅಳಿಸ್ಹೋಗಿದೆ, ನೋಡಿ ಬೇಕಾದ್ರೆ."

ರಾಯರು ತಮ್ಮ ಮೇಜಿಗೆ ಹೋಗಿ ಪಟ್ಟಿ ನೋಡಿದರು. ಸಾಲಿನಲ್ಲಿ ನಿಂತಾಗ ಮುಂದೆ ಒಬ್ಬ ನುಗ್ಗಿದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯುವುದಿಲ್ಲವೇ, ಹಾಗಾಗಿತ್ತು. ಒಂದನೇ ನಂಬರಿನಲ್ಲಿ ಅವರ ಸಮುದ್ರ. ದೂರಿನ ಉತ್ತರ ಎರಡಕ್ಕೆ ಇಳಿದಿತ್ತು, ಸಂತಾಪ ಮೂರಕ್ಕೆ, ಮಗುವಿನ ಅಭಿನಂದನೆ ನಾಲ್ಕಕ್ಕೆ. ಇನ್ನು ಇಡೀ ಆಫೀಸು ಯಾವ ನಂಬರು ಒತ್ತಿದರೂ ಅದರ ಹಿಂದಿನ ಪತ್ರವೇ ಹೋಗುವುದು.

ತಕ್ಷಣ ಅಳಿಸಿಹಾಕೋಣವೆಂದು ಕೈ ಹಾಕಿದರೆ ತೆರೆಯ ಮೇಲೆ ಒಂದು ಸಾಲು ಬಂತು: "ಪಟ್ಟಿ ಬಳಕೆಯಲ್ಲಿದೆ. ಯಾರೂ ಬಳಸದಿರುವಾಗ ತಿದ್ದಿ." ಅಷ್ಟು ಬಂದೋಬಸ್ತು ಇರಲಿ ಎಂದು ಹಿಂದೆ ಹಟ ಹಿಡಿದು ಮಾಡಿಸಿದವರೂ ರಾಯರೇ.

ಹೋಗಿ ಒಪ್ಪಿಕೊಂಡುಬಿಟ್ಟರೆ? ಮ್ಯಾನೇಜರು ಸಿಟ್ಟಾಗುತ್ತಾರೆ, ರಜೆ ಹೋಗುತ್ತದೆ, ಸೂಟ್‌ಕೇಸು ಒಬ್ಬಂಟಿಯಾಗಿ ರೈಲು ಹತ್ತುತ್ತದೆ. ಬಾಯಿ ಮುಚ್ಚಿಕೊಂಡಿದ್ದು, ಎಲ್ಲರೂ ಎದ್ದುಹೋದ ಐದು ನಿಮಿಷದಲ್ಲಿ ಸರಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ರಾಯರು ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಮ್ಯಾನೇಜರು ಕೋಣೆಯ ಬಾಗಿಲು ತೆಗೆದು ತಲೆ ಹೊರಗೆ ಹಾಕಿದರು.

"ರಾಯರೇ, ಆ ಹನ್ನೆರಡು ಮಹಡಿ ಕಟ್ಟಡದ ಮಾಲೀಕರಿದ್ದಾರಲ್ಲ, ಅವರ ಸೋದರಮಾವ ಹೋಗ್ಬಿಟ್ರಂತೆ. ನಾನೇ ಎರಡು ಕಳಿಸ್ತಾ ಇದೀನಿ. ದೊಡ್ಡ ಗಿರಾಕಿ, ತಡ ಮಾಡ್ಬಾರ್ದು."

"ಸಾರ್, ಬೇಡಿ... ಅಂದ್ರೆ... ಸ್ವಲ್ಪ ಹೊತ್ತು ದುಃಖ ಆರಲಿ ಸಾರ್," ಎಂದರು ರಾಯರು.

"ಆರಿದ ಮೇಲೆ ಸಂತಾಪ ಯಾಕ್ರೀ? ಕಳಿಸಿ ಆಯ್ತು."

ರಾಯರು ಕಣ್ಣು ಮುಚ್ಚಿಕೊಂಡರು. ದೂರಿನ ಉತ್ತರ ಅವರಿಗೆ ಬಾಯಿಪಾಠವಾಗಿತ್ತು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಹಳೆಯದಾದ ಮೇಲೆ ಹೀಗೆ ಇದ್ದಕ್ಕಿದ್ದಂತೆ ನಿಂತುಹೋಗುವುದು ಸಹಜ, ಗಾಬರಿ ಬೇಡ. ನಮ್ಮವರು ಮೂರು ದಿನದೊಳಗೆ ಬಂದು ಮೊದಲಿನಂತೆ ಓಡಾಡುವ ಹಾಗೆ ಮಾಡಿಕೊಡುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ನೀವಾಗಿ ಬಿಚ್ಚಲು ಹೋಗಬೇಡಿ."

ಹತ್ತು ನಿಮಿಷಕ್ಕೆ ಮಾಲೀಕರ ಫೋನು ಬಂತು. ಮ್ಯಾನೇಜರು ಮೊದಲು ಎದ್ದು ನಿಂತರು, ಆಮೇಲೆ ಕೂತರು, ಆಮೇಲೆ ಕುರ್ಚಿಯ ತುದಿಗೆ ಬಂದರು.

"ಇಲ್ಲ ಸಾರ್, ಬಿಚ್ಚೋ ಉದ್ದೇಶ ಯಾರಿಗೂ ಇಲ್ಲ... ಓಡಾಡೋ ಹಾಗಾ? ನಾವು ಹಾಗಂದ್ವಾ? ...ಯಾರು? ಅತ್ತೆಯವರಾ? ...ಏನಂತೆ? ...ಆಗಲಿ ಸಾರ್, ಖಂಡಿತ ಹೇಳ್ತೀನಿ."

ಫೋನಿಟ್ಟು ಅವರು ಗೋಡೆ ನೋಡುತ್ತ ಕೂತರು. ದೂರಪ್ಪ ಮೆಲ್ಲಗೆ ಕೇಳಿದ: "ಏನಂತೆ ಸಾರ್?"

"ಸತ್ತವರ ಹೆಂಡ್ತಿ ಕೈ ಮುಗಿದು ಕೇಳ್ಕೊಂಡ್ರಂತೆ ಕಣಯ್ಯಾ. ಮತ್ತೆ ಓಡಾಡೋ ಹಾಗೆ ಮಾಡೋದಾದ್ರೆ ದಯವಿಟ್ಟು ಬೇಡ, ನಲವತ್ತು ವರ್ಷ ಅನುಭವಿಸಿದೀನಿ, ಹೀಗೇ ಇರ್ಲಿ ಅಂತ."

ಮುಂದಿನದು ಉಗ್ರಾಣದವನ ಸರದಿ. ಕೆಳಗಿನ ಮಹಡಿಯಲ್ಲಿ ಬೋಲ್ಟು ನಟ್ಟು ಎಣಿಸುತ್ತ ಕೂರುವ ಆ ಬ್ರಹ್ಮಚಾರಿಗೆ ನಿಜವಾಗಿಯೂ ಜ್ವರ ಬಂದಿತ್ತು. ಮನೆಯಲ್ಲಿ ಕಂಬಳಿ ಹೊದ್ದುಕೊಂಡೇ ಮ್ಯಾನೇಜರಿಗೆ ನಾಲ್ಕು ಒತ್ತಿದ. ಮ್ಯಾನೇಜರರ ಹೆಂಡತಿ ಗಂಡನ ಮೇಲೆ ಅಪಾರ ಪ್ರೀತಿಯುಳ್ಳವರು. ಗಂಡನಿಗೆ ಬರುವ ಮೇಲ್ ಎಲ್ಲ ತಮ್ಮ ಫೋನಿಗೂ ಬರುವ ಹಾಗೆ ಮಾಡಿಸಿಕೊಂಡಿದ್ದರು. ಅವರು ಮಧ್ಯಾಹ್ನ ಊಟಕ್ಕೆ ಕೂತು ಓದಿದ್ದು ಇದನ್ನು: "ನಿಮ್ಮ ಬಾಳಿಗೆ ಬಂದ ಪುಟ್ಟ ಅತಿಥಿಗೆ ಸ್ವಾಗತ. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆಂದು ತಿಳಿದು ಸಂತೋಷವಾಯಿತು. ಮಗು ನಿಮ್ಮನ್ನೇ ಹೋಲುತ್ತದಂತೆ!"

ಮ್ಯಾನೇಜರಿಗೆ ಐವತ್ತೆಂಟು ವರ್ಷ. ಅವರ ಹೆಂಡತಿಗೆ ಐವತ್ತೈದು. ತಾಯಿ ತಾವಲ್ಲ ಎಂಬುದು ಆಕೆಗೆ ಖಚಿತವಾಗಿ ಗೊತ್ತಿತ್ತು.

ಆಕೆ ಆಟೋ ಹತ್ತಿ ಹೊರಟಿದ್ದಾರೆಂಬ ಸುದ್ದಿ ಆಫೀಸಿಗೆ ತಲುಪಿದಾಗ ರಾಯರು ಬೆವತುಹೋದರು. ಏನಾದರೂ ಮಾಡಿ ಎಲ್ಲರನ್ನೂ ಐದು ನಿಮಿಷ ಕಂಪ್ಯೂಟರಿನ ಮುಂದಿಂದ ಎಬ್ಬಿಸಬೇಕು. "ಕೆಳಗೆ ಯಾರದೋ ಗಾಡಿಗೆ ಯಾರೋ ಗುದ್ದಿದ್ರಂತೆ!" ಎಂದು ಕೂಗಿದರು. ಗಾಡಿ ಇದ್ದವರೆಲ್ಲ ಓಡಿದರು. ಗಾಡಿ ಇಲ್ಲದ ದೂರಪ್ಪ ಕೂತೇ ಇದ್ದ. ಆಡಳಿತ ವಿಭಾಗದ ಮೇಡಂ ಕೂಡ ಏಳಲಿಲ್ಲ. ಅವರು ಆವತ್ತು ತಡವಾಗಿ ಬಂದ ಮೂವರು ಗುಮಾಸ್ತರಿಗೆ ಐದನೇ ನಂಬರಿನ ಎಚ್ಚರಿಕೆ ಕಳಿಸುವುದರಲ್ಲಿ ಮುಳುಗಿದ್ದರು. ಹೋಗಿದ್ದು ಜ್ವರದ ಪತ್ರ. "ನನಗೆ ವಿಪರೀತ ಜ್ವರ, ಮೂರು ದಿನ ಏಳಲಾರೆ, ದಯವಿಟ್ಟು ಮನ್ನಿಸಿ" ಎಂದು ಮೇಡಂ ಹೆಸರಲ್ಲೇ ಹೋಯಿತು. ಮೂವರೂ ಗುಮಾಸ್ತರು ಎರಡೆರಡು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ಒಬ್ಬ ಮೇಡಂ ಹಣೆ ಮುಟ್ಟಿಯೂ ನೋಡಿದ.

"ಏನಪ್ಪಾ ಇದು? ಎಚ್ಚರಿಕೆ ಕೊಟ್ರೆ ಹಣ್ಣು ತರ್ತೀರಾ?" ಎಂದರು ಮೇಡಂ.

"ನೀವು ಮನ್ನಿಸಿ ಅಂತ ಕೇಳ್ಕೋಬಾರ್ದು ಮೇಡಂ, ನಾವು ತಡವಾಗಿ ಬಂದಿದ್ದೇ ತಪ್ಪು," ಎಂದ ಹಣೆ ಮುಟ್ಟಿ ನೋಡಿದವನು.

ಮೇಡಂ ಬುದ್ಧಿವಂತೆ. ಹಣ್ಣನ್ನು ಮೇಜಿನ ಮೇಲಿಟ್ಟು, ತಾವು ಕಳಿಸಿದ ಪತ್ರ ತೆಗೆದು, ಆ ಆಫೀಸಿನಲ್ಲಿ ಯಾರೂ ಮಾಡದ ಕೆಲಸ ಮಾಡಿದರು, ಅದನ್ನು ಓದಿದರು. ಆದರೆ ರಾಯರು ಇದನ್ನು ನೋಡಲಿಲ್ಲ. ಅವರು ಆಗಲೇ ಮೆಟ್ಟಿಲ ಹತ್ತಿರದ ಮೈನ್ ಸ್ವಿಚ್ಚಿನ ಮುಂದೆ ನಿಂತಿದ್ದರು. ಕರೆಂಟು ತೆಗೆದರೆ ಎಲ್ಲರ ಕಂಪ್ಯೂಟರೂ ಆರುತ್ತದೆ, ಪಟ್ಟಿಯನ್ನು ಯಾರೂ ಬಳಸುವುದಿಲ್ಲ, ಅಷ್ಟರಲ್ಲಿ ತಿದ್ದಿಬಿಡಬಹುದು ಎಂದು ಲೆಕ್ಕ ಹಾಕಿ, ಸ್ವಿಚ್ಚನ್ನು ಎಳೆದೇಬಿಟ್ಟರು. ಕತ್ತಲಾದ ಮೇಲೆ ತಮ್ಮ ಕಂಪ್ಯೂಟರೂ ಕರೆಂಟಿನಲ್ಲೇ ನಡೆಯುವುದು ಎಂದು ನೆನಪಾಯಿತು.

ಆ ಕಟ್ಟಡದಲ್ಲಿ ಕರೆಂಟಿನಲ್ಲಿ ನಡೆಯುವುದು ಇನ್ನೊಂದಿತ್ತು. ಲಿಫ್ಟು. ಅದು ಎರಡನೇ ಮಹಡಿ ದಾಟಿ ನಿಂತಿತು, ಒಳಗೆ ಮ್ಯಾನೇಜರರ ಹೆಂಡತಿ.

ರಾಯರು ಗಾಬರಿಯಿಂದ ಸ್ವಿಚ್ಚನ್ನು ಮತ್ತೆ ಮೇಲೆತ್ತಿದರು. ದೀಪ ಬಂತು, ಕಂಪ್ಯೂಟರು ಬಂತು, ಲಿಫ್ಟು ಮಾತ್ರ ಅಲ್ಲಾಡಲಿಲ್ಲ. ಲಿಫ್ಟ್ ರಿಪೇರಿಯವರ ಲಿಫ್ಟು ಯಾವಾಗಲೂ ಹಾಗೆಯೇ. ಒಳಗಿದ್ದ ಆಕೆ ಗೋಡೆಯ ಮೇಲೆ ಬರೆದಿದ್ದ ವಿಳಾಸಕ್ಕೆ ಫೋನಿನಿಂದಲೇ ದೂರು ಬರೆದರು. ದೂರಪ್ಪನ ಕಂಪ್ಯೂಟರು ಆಗ ತಾನೇ ಎಚ್ಚರಗೊಂಡಿತ್ತು. ದೂರು ಯಾರದೆಂದೂ ನೋಡದೆ ಅವನು ಅಭ್ಯಾಸಬಲದಿಂದ ಅಂಕಿ ಅಳಿಸಿದ ಗುಂಡಿ ಒತ್ತಿದ.

ಆಕೆಯ ಫೋನಿಗೆ ಗಂಡನ ಸಹಿಯೊಂದಿಗೆ ಉತ್ತರ ಬಂತು: ನನ್ನ ಹೆಂಡತಿಯ ಜೊತೆ ಸಮುದ್ರದ ದಂಡೆಯಲ್ಲಿ ಆನಂದವಾಗಿದ್ದೇನೆ.

"ಯಾವ ಹೆಂಡ್ತಿ ರೀ?" ಎಂಬ ಕೂಗು ಲಿಫ್ಟಿನೊಳಗಿಂದ ಎದ್ದು ಐದೂ ಮಹಡಿಗೆ ಕೇಳಿಸಿತು.

ಮೂರು ಮುಕ್ಕಾಲಿಗೆ ಆಕೆಯನ್ನು ಹೊರಗೆ ತೆಗೆದರು. ಲಿಫ್ಟಿನ ಬಾಗಿಲು ಬಿಡಿಸಿದವರಿಗೆ ಥ್ಯಾಂಕ್ಸ್ ಕೂಡ ಹೇಳದೆ ಆಕೆ ನೇರವಾಗಿ ಗಂಡನ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ರಾಯರು ಮೇಜಿನ ಕೆಳಗೆ ಕೈ ಮುಗಿದುಕೊಂಡು ಕೂತಿದ್ದರು. ನನ್ನಿಂದ ಒಂದು ಸಂಸಾರ ಮುರಿಯಿತು, ಸಂಜೆಗೆ ನನ್ನದೂ ಮುರಿಯುತ್ತದೆ ಎಂದು ಅವರ ಕಣ್ಣಲ್ಲಿ ನೀರು ಬಂತು.

ಆಡಳಿತದ ಮೇಡಂ ಒಂದು ಕಾಗದ ಹಿಡಿದು ಆ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದರು. ಹತ್ತು ನಿಮಿಷ ಕಳೆದು ಮ್ಯಾನೇಜರೇ ಬಾಗಿಲು ತೆಗೆದು ಕೂಗಿದರು: "ಎಲ್ರೂ ಒಳಗೆ ಬನ್ನಿ. ಎಲ್ಲಾ ಬಿಟ್ಟು ಬನ್ನಿ."

ಎಲ್ಲರೂ ಎದ್ದರು. ದೂರಪ್ಪನೂ ಎದ್ದ. ದೇವರೇ ಎಬ್ಬಿಸಿದ ಎಂದುಕೊಂಡರು ರಾಯರು. ಹೊಟ್ಟೆ ಹಿಡಿದುಕೊಂಡು ಬಾತ್‌ರೂಮಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಕೊನೆಯವರು ಒಳಗೆ ಹೋಗಿ ಬಾಗಿಲು ಮುಚ್ಚಿದ ಕೂಡಲೇ ತಿರುಗಿ ಓಡಿಬಂದು ಕೂತರು. ಪಟ್ಟಿ ಈಗ ಯಾರ ಬಳಕೆಯಲ್ಲೂ ಇರಲಿಲ್ಲ. ಸಮುದ್ರವನ್ನು ಅಳಿಸಿದರು. ದೂರು ಒಂದಕ್ಕೆ ಹತ್ತಿತು, ಸಂತಾಪ ಎರಡಕ್ಕೆ, ಮಗು ಮೂರಕ್ಕೆ, ಜ್ವರ ನಾಲ್ಕಕ್ಕೆ, ಎಚ್ಚರಿಕೆ ಐದಕ್ಕೆ, ರಜೆ ಆರಕ್ಕೆ, ರಾಜೀನಾಮೆ ಏಳಕ್ಕೆ, ನೇಮಕ ಎಂಟಕ್ಕೆ. ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ಹನ್ನೊಂದು ವರ್ಷ ಇದ್ದ ಹಾಗೇ ಇತ್ತು. ಅವರಿಗೆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸರಾಗವಾಯಿತು.

ಕೋಣೆಯ ಬಾಗಿಲು ತೆರೆದು ಎಲ್ಲರೂ ಹೊರಗೆ ಬಂದರು. ವಿಚಿತ್ರವೆಂದರೆ ಎಲ್ಲರೂ ರಾಯರನ್ನು ನೋಡಿ ನಗುತ್ತಿದ್ದರು. ಕುಹಕದ ನಗು ಅಲ್ಲ, ಮಗುವನ್ನು ನೋಡಿ ನಗುವ ಹಾಗೆ. ಮ್ಯಾನೇಜರರ ಹೆಂಡತಿಯಂತೂ ಹತ್ತಿರ ಬಂದು, "ನಿಮ್ಮ ಮನೆಯವ್ರನ್ನ ಕೇಳಿದೆ ಅಂತ ಹೇಳಿ," ಎಂದು ಹೋದರು.

"ರಾಯರೇ, ಐದು ಗಂಟೆಗೆ ಮೇಲ್ ನೋಡ್ಕೊಳ್ಳಿ," ಎಂದರು ಮ್ಯಾನೇಜರು. "ನಾವೆಲ್ಲ ಕೂತು ಒಮ್ಮತದಿಂದ ತೀರ್ಮಾನ ಮಾಡಿದೀವಿ."

ಐದು ಗಂಟೆಗೆ ಮೇಲ್ ಬಂತು. ರಾಯರು ಕನ್ನಡಕ ಒರೆಸಿಕೊಂಡು ಓದಿದರು.

"ನಿಮ್ಮ ರಾಜೀನಾಮೆಯನ್ನು ಭಾರವಾದ ಮನಸ್ಸಿನಿಂದ ಅಂಗೀಕರಿಸಲಾಗಿದೆ. ನಿಮ್ಮ ಸೇವೆಯನ್ನು ಸಂಸ್ಥೆ ಎಂದೂ ಮರೆಯುವುದಿಲ್ಲ. ಹೊರಡುವ ಮುಂಚೆ ಮೇಜಿನ ಬೀಗದ ಕೈ ಒಪ್ಪಿಸಿ ಹೋಗುವುದು."

ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಮೊದಲು ಅನಿಸಿತು. ಆಮೇಲೆ ಬರೆದದ್ದು ತಾವೇ ಎಂದು ಹೊಳೆಯಿತು. ರಾಜೀನಾಮೆಯನ್ನು ಅವರು ಕೊಟ್ಟೇ ಇರಲಿಲ್ಲ. ಪಟ್ಟಿಯಲ್ಲೇನಾದರೂ ಇನ್ನೂ ಎಡವಟ್ಟಿದೆಯೇ ಎಂದು ಮತ್ತೆ ತೆರೆದು ನೋಡಿದರು. ಆರು ಆರರಲ್ಲಿತ್ತು, ಏಳು ಏಳರಲ್ಲಿತ್ತು. ತಪ್ಪಿಗೆ ಜಾಗವೇ ಇರಲಿಲ್ಲ. ಹಾಗಾದರೆ ಎಲ್ಲ ಗೊತ್ತಾಗಿಹೋಗಿದೆ. ಕೆಲಸದಿಂದ ತೆಗೆದೆವು ಎನ್ನ‌ಲು ನಾಚಿಕೆಯಾಗಿ ರಾಜೀನಾಮೆ ಎಂದು ಮರ್ಯಾದೆ ಮಾಡಿದ್ದಾರೆ ಎಂದುಕೊಂಡರು.

ಆಡಳಿತದ ಮೇಡಂ ಬಂದು ಒಂದು ಕಿತ್ತಳೆ ಹಣ್ಣು ಮೇಜಿನ ಮೇಲಿಟ್ಟರು. "ಬಂತಾ ರಾಯರೇ? ಖುಷೀನಾ?"

"ಎಲ್ರೂ ಒಪ್ಪಿದ್ರಾ ಮೇಡಂ?" ಎಂದರು ರಾಯರು.

"ಒಬ್ರೂ ಬೇಡ ಅನ್ಲಿಲ್ಲ! ಮ್ಯಾನೇಜರ್ ಮನೆಯವರೇ ಮೊದಲು ಹೇಳಿದ್ದು, ಪಾಪ ಇವರನ್ನ ಇನ್ನೂ ಯಾಕೆ ಇಟ್ಕೊಂಡಿದೀರಿ, ಕಳಿಸಿಕೊಡಿ ಅಂತ."

ದೂರಪ್ಪ ಹಿಂದಿನಿಂದ ಬೆನ್ನು ತಟ್ಟಿದ. "ನೀವಿಲ್ದೆ ಹೇಗಪ್ಪಾ ಅಂತ ಯೋಚ್ನೆ ಮಾಡ್ಬೇಡಿ ರಾಯರೇ, ನಾವು ಆರಾಮಾಗಿರ್ತೀವಿ. ಇಷ್ಟೊತ್ತಿಗೆ ಹೊರಟುಬಿಡೋದು ತಾನೇ, ಇನ್ನೂ ಯಾಕೆ ಕೂತಿದೀರಾ?"

ಹನ್ನೊಂದು ವರ್ಷ ಜೊತೆಗೆ ಟೀ ಕುಡಿದ ಜನ. ರಾಯರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕಿತ್ತಳೆ ಹಣ್ಣನ್ನೂ ಮುಟ್ಟದೆ, ಐದು ಮಹಡಿ ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದರು.

ಅಲ್ಲಿ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಬರುವ ಹೋಗುವ ಬಸ್ಸು ನೋಡಿದರು. ಮೊದಲ ಬಸ್ಸು ಹೋಗುವಾಗ ದುಃಖವಿತ್ತು. ಎರಡನೆಯದಕ್ಕೆ ಸಿಟ್ಟು. ಮೂರನೆಯದು ಹೋಗುವಷ್ಟರಲ್ಲಿ ತಲೆಯೊಳಗೆ ಒಂದು ವಿಚಾರ ಬಂತು. ಕೆಲಸ ಹೋದವನಿಗೆ ರಜೆ ಯಾರು ಮಂಜೂರು ಮಾಡಬೇಕು? ನಾಳೆ ಬೆಳಿಗ್ಗೆ ಆರೂವರೆ ರೈಲು ಹತ್ತಲು ಯಾರ ನಂಬರು ಬೇಕು? ಹತ್ತು ದಿನ ಯಾಕೆ, ಬೇಕೆಂದರೆ ಒಂದು ತಿಂಗಳು ಕೂರಬಹುದು. ಕೆಲಸ ಇನ್ನೊಂದು ಸಿಗುತ್ತದೆ; ಎಂಟು ಪತ್ರ ಎಲ್ಲ ಕಂಪನಿಗೂ ಬೇಕು. ರಾಯರಿಗೆ ಮೈಯೆಲ್ಲ ಹಗುರಾಯಿತು. ಎದ್ದು ನಿಂತು ಹೆಂಡತಿಗೆ ಫೋನು ಮಾಡಿದರು.

"ಸಿಕ್ತು ಕಣೇ! ಸಿಕ್ತು!"

"ನಿಜವಾಗ್ಲೂ? ನನ್ನಾಣೆ?" ಆ ಕಡೆ ದನಿ ನಡುಗಿತು. "ರೀ, ನಾನು ನಂಬೇ ಇರ್ಲಿಲ್ಲ. ಇರಿ, ನಿಮ್ಮ ಶರ್ಟುಗಳನ್ನೂ ತುಂಬ್ತೀನಿ, ಸುಮ್ನೆ ನಂದು ಮಾತ್ರ ಕಟ್ಟಿದ್ದೆ. ಎಷ್ಟು ದಿನ ಕೊಟ್ರು? ಹತ್ತೂ ಕೊಟ್ರಾ?"

"ಹತ್ತಕ್ಕಿಂತ ಜಾಸ್ತೀನೇ ಕೊಟ್ಟಿದಾರೆ. ಬಂದು ಹೇಳ್ತೀನಿ ಇರು..."

ಅಷ್ಟರಲ್ಲಿ ರಸ್ತೆಯ ಆ ಕಡೆಯಿಂದ "ರಾಯರೇ! ರಾಯರೇ!" ಎಂಬ ಕೂಗು. ಮ್ಯಾನೇಜರು ಟೈ ಹೆಗಲ ಮೇಲೆ ಹಾಕಿಕೊಂಡು, ಏದುಸಿರು ಬಿಡುತ್ತ, ಕೈಯಲ್ಲೊಂದು ಕಾಗದ ಬೀಸುತ್ತ ಓಡಿಬರುತ್ತಿದ್ದರು. ರಾಯರು ಫೋನನ್ನು ಕೆಳಗಿಳಿಸಿದರು.

"ಅಯ್ಯೋ, ಎಂಥ ಕೆಲಸ ಆಗೋಯ್ತು ರಾಯರೇ," ಎಂದು ಮ್ಯಾನೇಜರು ಬೆಂಚಿನ ಮೇಲೆ ಕುಸಿದು ಕೂತರು. "ನಂಬರೆಲ್ಲ ಒಂದೊಂದು ಸ್ಥಾನ ಕೆಳಗಿಳಿದಿದೆ ಅಂತ ಮೇಡಂ ಕಂಡುಹಿಡಿದ್ರು. ನನ್ನ ಮಾನ ಉಳೀತು, ನನ್ನ ಹೆಂಡ್ತಿ ಸಮಾಧಾನ ಆದ್ಲು. ನಿಮ್ಮ ಸಮುದ್ರದ ಪತ್ರ ಓದಿ ಅವಳಿಗೇ ಕರುಳು ಚುರುಕ್ ಅಂತು. ಹನ್ನೊಂದು ವರ್ಷ ದುಡಿದಿದಾರೆ, ತಪ್ಪು ಅವರದು ಅಂತ ಗೊತ್ತಾದ್ರೆ ನೊಂದ್ಕೋತಾರೆ, ಅವರಿಗೆ ಹೇಳೋದೇ ಬೇಡ ಅಂದ್ಲು. ಹೇಗೂ ನೀವು ಬಾತ್‌ರೂಮಿಗೆ ಹೋಗಿದ್ರಲ್ಲ, ಅದಕ್ಕೇ ಮೀಟಿಂಗಲ್ಲಿ ಉಳಿದೋರಿಗೆಲ್ಲ ಹೇಳಿದೆ, ಇನ್ಮೇಲೆ ಯಾವ ನಂಬರು ಬೇಕೋ ಅದಕ್ಕೆ ಒಂದು ಸೇರಿಸಿ ಒತ್ತಿ ಅಂತ. ನಿಮ್ಮ ರಜೆಗೆ ಆರರ ಬದಲು ನಾನು ಏಳು ಒತ್ತಿದೆ. ನೀವು ಯಾವ ಮಾಯದಲ್ಲಿ ಸರಿ ಮಾಡಿದ್ರಿ ರೀ?"

ರಾಯರು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರೇ ಮುಂದುವರಿಸಿದರು.

"ಏಳು ಒತ್ತಿದ್ರೆ ಕೇಂದ್ರ ಕಚೇರಿಗೂ ಒಂದು ಪ್ರತಿ ಹೋಗುತ್ತಲ್ಲ. ಅವರು ಒಂದು ಪೆನ್ಸಿಲ್ ಕೊಡೋಕೆ ಎಂಟು ತಿಂಗಳು ತಗೋತಾರೆ, ನಿಮ್ಮ ಹೆಸರು ಹೊಡೆದುಹಾಕೋಕೆ ನಾಲ್ಕೇ ನಿಮಿಷ ತಗೊಂಡ್ರು. ರದ್ದು ಮಾಡೋಕೆ ಆಗಲ್ವಂತೆ. ಆದ್ರೆ ನಾನು ಬಿಡ್ತೀನಾ?" ಮ್ಯಾನೇಜರು ಹೆಮ್ಮೆಯಿಂದ ಕಾಗದ ಮುಂದೆ ಹಿಡಿದರು. "ಎಂಟು ಒತ್ತಿಸಿದೆ. ಈ ಸಲ ಓದಿ ಕಳಿಸಿದೀನಿ. ನಿಮ್ಮನ್ನ ಹೊಸದಾಗಿ ಸೇರಿಸ್ಕೊಂಡಿದೀವಿ! ಅದೇ ಮೇಜು, ಅದೇ ಸಂಬಳ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಿ."

"ಮತ್ತೆ... ನನ್ನ ರಜೆ?"

ಮ್ಯಾನೇಜರರ ಮುಖ ಸ್ವಲ್ಪ ಬಾಡಿತು. "ಅದೇ ಒಂದು ತೊಡಕು. ಎಂಟನೇ ನಮೂನೆ ಮೂರನೇ ಪ್ಯಾರಾ ನೋಡಿ. ಹೊಸದಾಗಿ ಸೇರಿದವರಿಗೆ ಮೊದಲ ವರ್ಷ ಯಾವುದೇ ಕಾರಣಕ್ಕೂ ರಜೆ ಇರುವುದಿಲ್ಲ. ನೀವೇ ಬರೆದಿದ್ದು ತಾನೇ?"

"ಅದನ್ನ ತಿದ್ದಬಹುದಲ್ಲ ಸಾರ್?"

"ತಿದ್ದಬಹುದಿತ್ತು. ನಮೂನೆ ತಿದ್ದೋ ಅಧಿಕಾರ ಇರೋದು ನಿಮಗೊಬ್ಬರಿಗೇ. ನೀವು ನಾಳೆ ಬೆಳಿಗ್ಗೆ ಒಂಬತ್ತರ ತನಕ ನಮ್ಮ ನೌಕರರೇ ಅಲ್ವಲ್ಲ. ಕೆಲಸ ಬೇಡ ಅಂತೀರಾದ್ರೆ ಹೇಳಿ, ಆದ್ರೆ ನೇಮಕದ ಪತ್ರ ಬಂದ ಮೇಲೆ ಬೇಡ ಅಂದ್ರೂ ಮೂರು ತಿಂಗಳು ದುಡಿದೇ ಹೋಗಬೇಕು. ಅದು ನಾಲ್ಕನೇ ಪ್ಯಾರಾ." ಅವರು ಎದ್ದು ರಾಯರ ಭುಜ ತಟ್ಟಿದರು. "ಬೆಳಿಗ್ಗೆ ಸರಿಯಾಗಿ ಬಂದ್ಬಿಡಿ. ಮೊದಲನೇ ದಿನಾನೇ ತಡ ಆದ್ರೆ ಚೆನ್ನಾಗಿರಲ್ಲ."

ಮ್ಯಾನೇಜರು ರಸ್ತೆ ದಾಟಿ ಹೋದರು. ರಾಯರ ಕೈಯಲ್ಲಿದ್ದ ಫೋನಿನೊಳಗೆ ಹೆಂಡತಿ ಇನ್ನೂ ಮಾತಾಡುತ್ತಲೇ ಇದ್ದಳು. ಶರ್ಟು ಮಡಿಸುವ ಸದ್ದು, ಸೂಟ್‌ಕೇಸಿನ ಬೀಗ ಹಾಕುವ ಸದ್ದು ಕೇಳುತ್ತಿತ್ತು. ರಾಯರು ಫೋನನ್ನು ನಿಧಾನವಾಗಿ ಕಿವಿಗಿಟ್ಟುಕೊಂಡರು.

"ಹಲೋ? ರೀ, ಇದೀರಾ? ಎಷ್ಟು ದಿನ ಸಿಕ್ತು ಅಂತ ಹೇಳ್ಲೇ ಇಲ್ವಲ್ಲ?"

ರಾಯರು ಗಡಿಯಾರ ನೋಡಿಕೊಂಡರು. ಐದು ಇಪ್ಪತ್ತೈದಾಗಿತ್ತು.

"ಇಪ್ಪತ್ತೈದು ನಿಮಿಷ ಕಣೇ," ಎಂದರು. "ಈಗ ತಾನೇ ಮುಗೀತು."